ಕುದುರೆಯ ಬಣ್ಣ ಬದಲಾಗುವುದೇಕೆ?

ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿರುವ ಪ್ರಸಿದ್ಧ ಅಶ್ವಶಾಲೆಯ ಬೆಳ್ಳನೆಯ ಲಿಪಿಝಾನರ್ ಕುದುರೆಗಳು ಹುಟ್ಟುವಾಗ ಕಪ್ಪು ಇಲ್ಲವೆ ಕಂದುಬಣ್ಣದವಾಗಿರುವುವೆಂದರೆ ವಾಚಕರಿಗೆ ಆಶ್ಚರ್ಯವಾದೀತು. 6ರಿಂದ 10 ವರ್ಷಗಳೊಳಗೆ ರೋಮವು ಮೆಲ್ಲಮೆಲ್ಲನೆ ನರೆತು ಬಿಳುಪಾಗುವುದು. ಅದರಡಿಯ ಚರ್ಮವಾದರೋ ಕಪ್ಪಾಗಿಯೇ ಉಳಿಯುವುದು. ಅಪರೂಪಕ್ಕೊಂದು ಬಣ್ಣ ಬದಲಿಸದು. ಅಂಥದೊಂದನ್ನು ಶುಭವೆಂದು ಶಾಲೆಯಲ್ಲಿಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ.

ಇದನ್ನು ನಾವು ಮುಪ್ಪೆಂದು ಎಣಿಸಬಾರದು. ಆ ಪ್ರಾಯದ ಕುದುರೆಯು ತುಂಬು ಬಲದಲ್ಲಿರುವುದು. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳೂ ಅವರ ಸಂಗಡಿಗರೂ ಇದರ ಮೂಲವನ್ನು ಕಂಡುಹಿಡಿದರು: ವಂಶವಾಹಿಯೊಂದರ ಸಣ್ಣ ತುಂಡು ಇಮ್ಮಡಿಯಾಗಿರುವುದೇ ಕಾರಣವು. ತಂದೆಯಿಂದಾಗಲಿ ತಾಯಿಯಿಂದಾಗಲಿ ಅದು ಬಂದರೆ ಸಾಕು, ಮರಿಯು ನರೆಯುವುದು.

ಈ ಚೆಲುವಿಗೆ ತೆರಬೇಕಾದ ಬೆಲೆಯೂ ಉಂಟು. ಅದೇ ಬದಲಾವಣೆಯ ದೆಸೆಯಿಂದ, 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ 70-80ಕ್ಕೆ ಚರ್ಮದಲ್ಲಿ, ಹೆಚ್ಚಾಗಿ ಬಾಲದಡಿಯಲ್ಲಿ, ಕರಿಯ ಗಡ್ಡೆಗಳು ಏಳುವುವು. ಆದುದರಿಂದ ಬಿಳಿ ಕುದುರೆಯನ್ನು ಸಾಕುವವರು ಮೈ ತಿಕ್ಕುವಾಗ ಬಾಲವನ್ನೆತ್ತಿ ನೋಡುವುದನ್ನು ಮರೆಯಕೂಡದು.

ಇನ್ನು ಕೆಲವು ಕುದುರೆಗಳ ಮೈಮೇಲೆ ಎಲ್ಲಿಂದಲೋ ಬಿಳಿಯ ಚುಕ್ಕೆಗಳು ಮೂಡುವುದುಂಟು. 1833ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಬರ್ಡ್‌ಕ್ಯಾಚರ್ ಎಂಬ ಪಂದ್ಯದ ಕುದುರೆಯ ಹೆಸರಿನಿಂದ ಅವುಗಳನ್ನು ಕರೆಯುವರು. ಕೆಲವು ನಿಲ್ಲುವುವು, ಕೆಲವು ಮಾಯವಾಗುವುವು. ಅವುಗಳ ಕಾರಣವು ಇನ್ನೂ ಯಾರಿಗೂ ತಿಳಿದುಬಂದಿಲ್ಲ.