ಸೂತ್ರಗಳ ಅಕ್ಷರವೂ ಅಳತೆಯೂ

ಎರಡರ ತಲೆಯ ಮೇಲೆ ಮೂರು, ಆ ಮೂರರ ತಲೆಯ ಮೇಲೆ ಮತ್ತೊಂದು ಎರಡು: ಹೀಗೆ ಬರೆದ ಘಾತದ ಬೆಲೆಯೆಷ್ಟು? ಮೂರರ ವರ್ಗ 9. ಎರಡರ ಒಂಬತ್ತನೆಯ ಘಾತ 512. ಮುದ್ರಣದಲ್ಲಿ ಮೇಲಿನ ಎರಡು ಕಿರಿದಾಗಿ ಎತ್ತರದಲ್ಲಿ ನಿಲ್ಲದೆ, ಮೂರರ ಪಕ್ಕಕ್ಕಿಳಿದು ಅದರಷ್ಟೇ ಗಾತ್ರದಲ್ಲಿ ನಿಂತಿತೆಂದರೆ ಓದುವವನು ಘಾತವನ್ನು 32 ಎಂದು ತಿಳಿಯುವನು. ಆಗ ಬೆಲೆ 4,29,49,67,296! ಅಂಕಿಗಳೊಂದೂ ಬದಲಾಗಿಲ್ಲ, ಬದಲಾದುದು ಗಾತ್ರ ಮತ್ತು ಸ್ಥಾನ ಮಾತ್ರ. ಗದ್ಯದಲ್ಲಿ ಅಕ್ಷರದ ಗಾತ್ರ ಕಣ್ಣಿನ ಅನುಕೂಲಕ್ಕಾಗಿ ಇರುವಂಥದು; ಸೂತ್ರದಲ್ಲಿಯಾದರೋ ಅದು ಅರ್ಥದ ಭಾಗವೇ ಆಗಿದೆ.

ಸೀಸದ ಮೊಳೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ಗಣಿತದ ಪುಟವೆಂದರೆ ಮುದ್ರಕರಿಗೆ ಬಹು ಶ್ರಮದ ಕೆಲಸ. ಛಾಯಾಚಿತ್ರ ವಿಧಾನದ ಜೋಡಣೆ ಬಂದ ಮೇಲೆ ಶ್ರಮ ಇಳಿಯಿತು. ಆದರೆ ಅಂದವೂ ಇಳಿಯಿತು. 1977ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥವೊಂದರ ಕರಡಚ್ಚನ್ನು ಕಂಡು ಬೇಸತ್ತು, ಗಣಕಯಂತ್ರದಿಂದಲೇ ಪುಟ ಜೋಡಿಸುವ 'ಟೆಕ್' ಎಂಬ ಕ್ರಮವಿಧಿಯನ್ನು ರಚಿಸತೊಡಗಿದರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಅದರ ಮೇಲೆ 'ಲೇಟೆಕ್' ಅನ್ನು ಕಟ್ಟಿದರು. ಇಂದು ಭೌತವಿಜ್ಞಾನದ ಲೇಖನಗಳಲ್ಲಿ ಬಹುಪಾಲು ಸಿದ್ಧವಾಗುವುದು ಇದರಲ್ಲಿಯೇ.

ಟೆಕ್ ಸೂತ್ರಕ್ಕೆ ಮೂರು ಗಾತ್ರಗಳನ್ನು ಬಳಸುತ್ತದೆ: ಮೂಲಾಕ್ಷರಕ್ಕೊಂದು, ಘಾತಸೂಚಿಗೊಂದು, ಸೂಚಿಯ ಮೇಲಣ ಸೂಚಿಗೊಂದು. 10 ಪಾಯಿಂಟಿನ ಬರಹದಲ್ಲಿ ಇವು 10, 7, 5. (ಇಲ್ಲಿ ಒಂದು ಅಂಗುಲಕ್ಕೆ 72.27 ಪಾಯಿಂಟುಗಳು.) ನಾಲ್ಕನೆಯ ಮೆಟ್ಟಿಲು ಬಂದರೂ ಅಕ್ಷರ ಇನ್ನು ಕುಗ್ಗದು, ಕುಗ್ಗಿದರೆ ಕಣ್ಣಿಗೆ ಕಾಣುವುದೆಂತು? ಮತ್ತೊಂದು ಸೂಕ್ಷ್ಮವುಂಟು. ಕ್ನೂತರ 'ಕಂಪ್ಯೂಟರ್ ಮಾಡರ್ನ್' ಅಕ್ಷರಗಳಲ್ಲಿ 5 ಪಾಯಿಂಟಿನದು ದೊಡ್ಡ ಅಕ್ಷರದ ಕಿರುಪ್ರತಿಯಲ್ಲ. ಬರಿದೆ ಕುಗ್ಗಿಸಿದರೆ ಗೆರೆಗಳು ಎಳೆಯಂತೆ ತೆಳುವಾಗುವುವು. ಆದುದರಿಂದ ಅದನ್ನು ತುಸು ಅಗಲವಾಗಿ, ತನ್ನ ಗಾತ್ರಕ್ಕೆ ತುಸು ದಪ್ಪವಾಗಿ ಬೇರೆಯೇ ರೂಪಿಸಲಾಗಿದೆ.

12 ಪಾಯಿಂಟಿನ ಬರಹಕ್ಕೆ ಲೇಟೆಕ್ ಗೊತ್ತುಪಡಿಸಿರುವುದು 12, 8, 6. ಇದು ಸಾಲದೆನಿಸಿದರೆ 'ಡಿಕ್ಲೇರ್‌ಮ್ಯಾತ್‌ಸೈಜಸ್' ಎಂಬ ಆಜ್ಞೆಯನ್ನು ಕಡತದ ಪೀಠಿಕಾಭಾಗದಲ್ಲಿ ಬರೆದು ನಾಲ್ಕು ಸಂಖ್ಯೆಗಳನ್ನು ಕೊಡಬೇಕು. ಮೊದಲನೆಯದು ಯಾವ ಗಾತ್ರದ ಬರಹಕ್ಕೆ ಈ ಏರ್ಪಾಡೆಂಬುದನ್ನೂ, ಉಳಿದ ಮೂರು ಸೂತ್ರದ ಮೂರು ಗಾತ್ರಗಳನ್ನೂ ತಿಳಿಸುತ್ತವೆ. ಉದಾಹರಣೆಗೆ 12, 12, 9, 7. ಪುಸ್ತಕಗಳಿಗೆ ಇದರ ಅಗತ್ಯ ಅಪರೂಪವೆಂದೇ ನನ್ನ ಅಭಿಪ್ರಾಯ. ಪ್ರತಿಯ ಪ್ರತಿ ತೆಗೆದು ಹಂಚುವ ಪ್ರಶ್ನಪತ್ರಿಕೆಗಳಿಗೆ ಮಾತ್ರ ಇದು ನಿಜವಾಗಿ ಉಪಕಾರಿ: ಅಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯದೆ ವಿದ್ಯಾರ್ಥಿಯು ಅಂಕ ಕಳೆದುಕೊಳ್ಳುವುದುಂಟು.

ಅಕ್ಷರದ ಓರೆಗೂ ಅರ್ಥವಿದೆ. ಓರೆಯಾದ 'ಎಂ' ದ್ರವ್ಯರಾಶಿ. ನೆಟ್ಟಗಿನ 'ಎಂ' ಮೀಟರ್. 'ಸೈನ್' ಎಂಬುದರ ಮೂರು ಇಂಗ್ಲಿಷ್ ಅಕ್ಷರಗಳನ್ನು ಓರೆಯಾಗಿ ಮುದ್ರಿಸಿದರೆ ಅದು ಕೋನದ ಫಲನವಾಗಿ ಉಳಿಯದೆ ಮೂರು ಚರಗಳ ಗುಣಲಬ್ಧವಾಗಿ ತೋರುವುದು. ಸದಿಶಕ್ಕೆ ದಪ್ಪಕ್ಷರ. ಇವಕ್ಕೆಲ್ಲ ಬೇರೆ ಬೇರೆ ಆಜ್ಞೆಗಳಿವೆ. ಬರಹದ ಅಕ್ಷರವನ್ನು 'ಟೈಮ್ಸ್'ಗೆ ಬದಲಿಸಿ ಸೂತ್ರಗಳನ್ನು ಹಾಗೆಯೇ ಬಿಡುವವರೂ ಇದ್ದಾರೆ. ಆಗ ಕಪ್ಪಾದ ಗದ್ಯದ ನಡುವೆ ಸೂತ್ರಗಳು ಬಡಕಲಾಗಿ ಕಾಣುತ್ತವೆ. 'ಸ್ಟಿಕ್ಸ್'ನಂತಹ, ಟೈಮ್ಸ್‌ಗೆ ಹೊಂದುವ ಗಣಿತಾಕ್ಷರಗಳನ್ನು ಜೊತೆಗೇ ಆರಿಸಬೇಕು.

ಇನ್ನು ಭಿನ್ನರಾಶಿ. ಸಾಲಿನ ನಡುವೆ ಬಂದಾಗ ಟೆಕ್ ಅದರ ಅಂಶವನ್ನೂ ಛೇದವನ್ನೂ ಸೂಚಿಯ ಗಾತ್ರಕ್ಕೆ ಇಳಿಸುತ್ತದೆ. 'ಡಿಸ್‌ಪ್ಲೇಸ್ಟೈಲ್' ಎಂದರೆ ಪೂರ್ಣಗಾತ್ರ ದೊರೆತರೂ ಆ ಸಾಲು ನೆರೆಯ ಸಾಲುಗಳನ್ನು ದೂರ ತಳ್ಳುತ್ತದೆ. ಕನ್ನಡದ ಬರಹದಲ್ಲಿ ತೊಡಕು ಇನ್ನೂ ಹೆಚ್ಚು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದಿರುತ್ತವೆ. ಕೆಳಸಾಲಿನ ಘಾತಸೂಚಿ ಅದೇ ಜಾಗಕ್ಕೆ ಏರಿ ಬರುತ್ತದೆ. ಇಂತಹ ಕಡೆ ಭಿನ್ನರಾಶಿಯನ್ನು ಓರೆಗೆರೆಯಿಂದ ಬರೆಯುವುದು ಲೇಸು. ದೊಡ್ಡದಾದರೆ ಅದಕ್ಕೊಂದು ಸಾಲನ್ನೇ ಬಿಟ್ಟುಕೊಡಬೇಕು.