ಹೊಲವೂ ಹೊಸ ನಂಟರೂ: ಬಾಧ್ಯತೆಯ ವಿಷಯವಾದ ಒಂದು ಪಾಠ

ಬೇತ್ಲೆಹೇಮೆಂಬ ಚಿಕ್ಕ ಊರಿನ ಬಾಗಿಲಲ್ಲಿ ನಡೆದ ಮಾತನ್ನು ನೀವೆಲ್ಲರೂ ಓದಿ ಬಲ್ಲಿರಿ. ಎಲೀಮೆಲೆಕನ ಹೊಲವನ್ನು ಬಿಡಿಸಿಕೊಳ್ಳುವೆಯೋ ಎಂದು ಬೋವಜನು ಹತ್ತಿರದ ನಂಟನನ್ನು ಕೇಳಿದಾಗ ಅವನು ಸಂತೋಷದಿಂದ ಒಪ್ಪಿದನು. ಆದರೆ ಹೊಲದೊಂದಿಗೆ ಪರದೇಶದ ವಿಧವೆಯಾದ ರೂತಳೂ ಬರುವಳೆಂದು ತಿಳಿದ ಕೂಡಲೆ ತನ್ನ ಸ್ವಾಸ್ತ್ಯಕ್ಕೆ ನಷ್ಟವಾದೀತೆಂದು ಹಿಂದೆಗೆದನು. ಹೊಲವು ಬೇಕು, ಹೊಲದೊಂದಿಗೆ ಬರುವ ಮನುಷ್ಯರು ಬೇಡ ಎಂಬ ಈ ಮನಸ್ಸು ನಮ್ಮ ಎರಿಭೂಮಿಯ ಊರುಗಳಲ್ಲಿಯೂ ಉಂಟು. ಆದಕಾರಣ ಈ ತಿಂಗಳಿನ ಪಾಠವನ್ನು ಈ ವಿಷಯವಾಗಿಯೇ ಬರೆಯುತ್ತೇವೆ.

ಗುಡಗೇರಿಯಲ್ಲಿ ಒಬ್ಬ ಯೌವನಸ್ಥನೂ ಒಬ್ಬ ಕನ್ಯೆಯೂ ಒಬ್ಬರನ್ನೊಬ್ಬರು ಮೆಚ್ಚಿದರು. ಅವರ ಹೆಸರುಗಳು ಇಲ್ಲಿ ಬೇಕಿಲ್ಲ. ಅವನು ಮೆಣಸಿನಕಾಯಿಯ ಚೀಲಗಳ ಲೆಕ್ಕ ಹಿಡಿದು ಹುಬ್ಬಳ್ಳಿಯ ಪೇಟೆಗೆ ಹೋಗುವವನು. ಅವಳು ಅದೇ ರೈಲಿನಲ್ಲಿ ಕಲಿಯುವದಕ್ಕೆ ಹೋಗುವವಳು. ಎರಡು ಮನೆಯ ಹಿರಿಯರೂ ಒಪ್ಪಿದರು. ಲಗ್ನದ ಪ್ರಕಟನೆಯನ್ನು ಸಭೆಯಲ್ಲಿ ಒಂದು ಸಾರಿ ಓದಿದ್ದೂ ಆಯಿತು. ವರನ ತಂದೆಯು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದನು. ಅವನು ತನ್ನ ಸ್ವಂತ ದುಡಿಮೆಯಿಂದ ಕೊಂಡ ಒಂಬತ್ತು ಎಕರೆ ಹೊಲವಿತ್ತು, ಮೃತ್ಯುಪತ್ರವನ್ನು ಬರೆದಿರಲಿಲ್ಲ. ಮನೆಯಲ್ಲಿ ಇದ್ದವರು ವಿಧವೆಯೂ ಈ ಮಗನೂ ಇವನ ತಂಗಿಯೂ ಮಾತ್ರ.

ಆಗ ಅಣ್ಣಿಗೇರಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಚಿಕ್ಕ ಮಗನನ್ನು ಕೈಹಿಡಿದುಕೊಂಡು ಬಂದು, ತನ್ನ ತಂದೆಯ ಸಮಾಧಿ ಎಲ್ಲಿ ಎಂದು ಕೇಳಿದಳು. ಸತ್ತವನು ಸಭೆಗೆ ಸೇರುವ ಮುಂಚೆ ಮದುವೆಯಾಗಿದ್ದನು. ಆ ಹೆಂಡತಿಯು ಹೆರಿಗೆಯಲ್ಲಿ ಸತ್ತಳು. ಕೂಸನ್ನು ತಾಯಿಯ ತವರುಮನೆಯವರು ಸಾಕಿದರು. ಊರಿನ ಇಬ್ಬರು ಮುದುಕರು ಇದನ್ನು ಬಲ್ಲವರಾಗಿದ್ದರೂ ಸುಮ್ಮನಿದ್ದರು. ಅವಳು ಹೊಲದ ಮಾತೆತ್ತಲಿಲ್ಲ. ಆದರೂ ಕೇರಿಯವರೆಲ್ಲರೂ, ಹೊಲಕ್ಕಾಗಿಯೇ ಬಂದಳು ಎಂದರು. ಕನ್ಯೆಯ ಸೋದರಮಾವನು, ಇದು ಇತ್ಯರ್ಥವಾಗುವ ತನಕ ಲಗ್ನವನ್ನು ನಿಲ್ಲಿಸಿರಿ ಎಂದನು. ಆ ರಾತ್ರಿ ಯೌವನಸ್ಥನು ನಮ್ಮ ಬಳಿಗೆ ಬಂದು ಮೂರು ಪ್ರಶ್ನೆಗಳನ್ನು ಕೇಳಿದನು. ಅವಳು ನನಗೆ ಏನಾಗಬೇಕು? ಅವಳಿಗೆ ಪಾಲುಂಟೋ? ನನ್ನ ಮದುವೆಯ ಗತಿ ಏನು?

ಮೊದಲು ನಾವು ಅವನಿಗೆ ಬಳ್ಳಾರಿಯ ಒಂದು ಹಳೆಯ ವ್ಯಾಜ್ಯವನ್ನು ತಿಳಿಸಿದೆವು. ಕನ್ನಡ ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಂದು ನೆಲಸಿದ ಬಳ್ಳಾರಿಯೇ ಅದು. ಅಲ್ಲಿ ಮ್ಯಾಥ್ಯೂ ಅಬ್ರಹಾಂ ಎಂಬ ಸ್ವದೇಶೀಯ ಕ್ರೈಸ್ತನಿದ್ದನು. ಅವನು ಹೀನವೆಂದು ಎಣಿಸಲ್ಪಟ್ಟ ಬಡ ಕುಲದಿಂದ ಬಂದವನು. ಆದರೂ ಷಾರ್ಲಟ್ ಫಾಕ್ಸ್ ಎಂಬ ಆಂಗ್ಲೋ-ಇಂಡಿಯನ್ ಕುಲದವಳನ್ನು ಮದುವೆಯಾಗಿ, ಅಂಗಡಿಯಿಂದಲೂ ಸಾರಾಯಿಯ ಭಟ್ಟಿಯ ಗುತ್ತಿಗೆಯಿಂದಲೂ ದೊಡ್ಡ ಆಸ್ತಿಯನ್ನು ಗಳಿಸಿದನು. 1842ರಲ್ಲಿ ಅವನು ಮೃತ್ಯುಪತ್ರವನ್ನು ಬರೆಯದೆ ಸತ್ತನು. ಅವನ ತಮ್ಮನಾದ ಫ್ರಾನ್ಸಿಸನು ವ್ಯಾಪಾರದಲ್ಲಿ ದುಡಿದವನು. ಅತ್ತಿಗೆಯೂ ಮೈದುನನೂ ಕೆಲವು ಕಾಲ ಕೂಡಿಯೇ ನಡೆದರು. ಆ ಮೇಲೆ ಮನಸ್ಸು ಒಡೆಯಿತು. ನಾವು ಹಿಂದು ಧರ್ಮಶಾಸ್ತ್ರದ ಪ್ರಕಾರ ಅವಿಭಕ್ತ ಕುಟುಂಬದವರು, ಆದುದರಿಂದ ನನಗೆ ಪಾಲುಂಟು ಎಂದು ಅವನು ವಾದಿಸಿದನು. ಇದು ನನ್ನ ಗಂಡನ ಸ್ವಂತ ಗಳಿಕೆ. ನಮ್ಮ ಮನೆಯ ನಡೆನುಡಿಯಲ್ಲಿ ಆ ಶಾಸ್ತ್ರವಿರಲಿಲ್ಲ ಎಂದು ಅವಳು ವಾದಿಸಿದಳು.

ಆ ವ್ಯಾಜ್ಯವು ಬಳ್ಳಾರಿಯಿಂದ ಮದ್ರಾಸಿಗೂ ಮದ್ರಾಸಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋಯಿತು. 1863ರಲ್ಲಿ ಅಲ್ಲಿ ತೀರ್ಪಾಯಿತು. ಅದರ ಸಾರವೇನಂದರೆ: ಕ್ರೈಸ್ತನಾದವನನ್ನು ಅವನ ಹಳೆಯ ಶಾಸ್ತ್ರವು ಬಲವಂತವಾಗಿ ಕಟ್ಟಲಾರದು, ಅವನು ಅದನ್ನು ಬಿಡಬಹುದು, ಇಟ್ಟುಕೊಳ್ಳಲೂಬಹುದು, ಯಾವದನ್ನು ಮಾಡಿದನೆಂಬದನ್ನು ಆ ಮನೆಯವರು ಬಾಳಿದ ರೀತಿಯಿಂದ ತಿಳಿಯತಕ್ಕದ್ದು. ಅವಿಭಕ್ತ ಕುಟುಂಬದ ನಿಯಮವು ಈ ಮನೆಗೆ ಹತ್ತಲಿಲ್ಲ. ಮ್ಯಾಥ್ಯೂ ಸತ್ತು 21 ವರ್ಷಗಳಾದ ಮೇಲೆ ಈ ಮಾತು ಇತ್ಯರ್ಥವಾಯಿತು. ಒಂದು ಹಾಳೆಯನ್ನು ಬರೆಯದೆ ಹೋದದ್ದರಿಂದ ಒಂದು ಮನೆಯು ಎಷ್ಟು ಕಾಲ ನೊಂದಿತೆಂಬದನ್ನು ನೋಡಿರಿ.

ಇಂಥ ಸಂದೇಹಗಳಿಗೆ ಉತ್ತರವಾಗಿ 1865ರಲ್ಲಿ ಭಾರತೀಯ ಉತ್ತರಾಧಿಕಾರದ ಕಾಯಿದೆಯು ಹುಟ್ಟಿತು. ಈಗ ನಮಗೆ ಹತ್ತುವದು 1925ರ ಕಾಯಿದೆ. ಮೃತ್ಯುಪತ್ರವಿಲ್ಲದೆ ಸತ್ತ ಕ್ರೈಸ್ತನ ಆಸ್ತಿಯ ವಿಷಯವಾಗಿ ಅದು ಹೇಳುವದೇನಂದರೆ: ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳೆಲ್ಲರಿಗೂ ಸಮವಾಗಿ. ಗಂಡು ಹೆಣ್ಣು ಎಂಬ ಭೇದವಿಲ್ಲ. ಮಕ್ಕಳೂ ಮೊಮ್ಮಕ್ಕಳೂ ಇಲ್ಲದೆ ಬೇರೆ ರಕ್ತಸಂಬಂಧಿಗಳಿದ್ದರೆ ವಿಧವೆಗೆ ಅರ್ಧ, ಅವರಿಗೆ ಅರ್ಧ. ತಂದೆಯ ಕಡೆಯ ನಂಟರು ಹೆಚ್ಚು, ತಾಯಿಯ ಕಡೆಯವರು ಕಡಿಮೆ ಎಂಬದೂ ಇಲ್ಲ. ಒಂದೇ ತಂದೆತಾಯಿಗಳ ಮಕ್ಕಳು, ತಂದೆ ಇಲ್ಲವೆ ತಾಯಿ ಮಾತ್ರ ಒಂದಾದ ಮಕ್ಕಳು ಎಂಬ ಎಣಿಕೆಯೂ ಇಲ್ಲ. ತಿರುವಾಂಕೂರಿನಲ್ಲಿ 1916ರ ಬೇರೊಂದು ಕಾಯಿದೆಯಿತ್ತು. ಅದರಂತೆ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲುಭಾಗ ಇಲ್ಲವೆ 5000 ರೂಪಾಯಿ, ಇವೆರಡರಲ್ಲಿ ಯಾವದು ಕಡಿಮೆಯೋ ಅದು ಮಾತ್ರ ಸಿಕ್ಕುತ್ತಿತ್ತು. ಮೇರಿ ರಾಯ್ ಎಂಬ ಹೆಣ್ಣುಮಗಳು ಸುಪ್ರೀಂ ಕೋರ್ಟಿನ ತನಕ ಹೋಗಿ 1986ರಲ್ಲಿ ಗೆದ್ದ ಮೇಲೆ ಅಲ್ಲಿಯೂ ಸಮಪಾಲು ನಿಂತಿತು.

ಅವಳು ನಮ್ಮ ಮತದವಳಲ್ಲವಲ್ಲ ಎಂದು ಕೆಲವರು ಕೇಳಿದರು. ಸತ್ತವನು ಕ್ರೈಸ್ತನಾದುದರಿಂದ ಅವನ ಆಸ್ತಿಗೆ ಈ ಕಾಯಿದೆಯೇ ಹತ್ತುತ್ತದೆ; ಅದು ಮಗುವಿನ ಮತವನ್ನು ಕೇಳುವದಿಲ್ಲ. ಆದರೆ ಇದರ ಇನ್ನೊಂದು ಮಗ್ಗಲನ್ನೂ ತಿಳಿದಿರಬೇಕು. ಮತವನ್ನು ಬಿಟ್ಟವನು ಬಾಧ್ಯತೆಯನ್ನು ಕಳಕೊಳ್ಳಬಾರದೆಂದು 1850ರ ಒಂದು ಕಾಯಿದೆಯು ಕಾಪಾಡಿತು. ಆದರೂ 1956ರ ಹಿಂದು ಉತ್ತರಾಧಿಕಾರದ ಕಾಯಿದೆಯ ಪ್ರಕಾರ, ಅವನು ಮತಾಂತರ ಹೊಂದಿದ ಮೇಲೆ ಅವನಿಗೆ ಹುಟ್ಟಿದ ಮಕ್ಕಳು ಹಿಂದು ನಂಟರ ಆಸ್ತಿಗೆ ಬಾಧ್ಯರಾಗುವದಿಲ್ಲ. ಬಾಧ್ಯತೆಯು ತೆರೆಯುವ ಹೊತ್ತಿಗೆ ಅವರು ಹಿಂದುಗಳಾಗಿದ್ದರೆ ಮಾತ್ರ ಆದಾರು. ಹೀಗೆ ಈ ಯೌವನಸ್ಥನು ತನ್ನ ಹಿಂದು ದೊಡ್ಡಪ್ಪನ ಹೊಲವನ್ನು ಕೇಳಲಾರನು. ಅವನ ಹಿಂದು ಅಕ್ಕಳು ಈ ಹೊಲದಲ್ಲಿ ಪಾಲನ್ನು ಕೇಳಬಲ್ಲಳು. ಇದು ಕೆಲವರಿಗೆ ಕಹಿಯಾಗಿ ತೋರಿತು. ನಾವಾದರೋ, ಕೊಡುವ ಕಡೆಯಲ್ಲಿ ನಿಂತಿರುವದು ಅವಮಾನವಲ್ಲ ಎಂದೆವು.

ಆ ಮೇಲೆ ಲೆಕ್ಕವನ್ನು ಮಾಡಿದೆವು. ಅಕ್ಕಳು ಬರುವದಕ್ಕೆ ಮುಂಚೆ ವಿಧವೆಗೆ ಮೂರು, ಮಗನಿಗೆ ಮೂರು, ಮಗಳಿಗೆ ಮೂರು ಎಕರೆ. ಬಂದ ಮೇಲೆ ವಿಧವೆಗೆ ಮೂರು, ಮೂವರು ಮಕ್ಕಳಿಗೆ ಎರಡೆರಡು. ಸೋದರಮಾವನ ಮುಖವು ಬಾಡಿತು. ಆಗ ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತಿದ್ದ ಕನ್ಯೆಯು, “ಮಾವ, ನಾನು ಮೂರು ಎಕರೆಗೆ ಮಾತು ಕೊಟ್ಟವಳಲ್ಲ, ಈತನಿಗೆ ಕೊಟ್ಟವಳು. ಅಕ್ಕನನ್ನು ಹೊರಗೆ ಹಾಕಿದ ಮನೆಗೆ ಸೊಸೆಯಾಗಿ ಬರಲು ನನಗೆ ಭಯವಾಗುತ್ತದೆ, ನಾಳೆ ನಾನೂ ಹೊರಗಿನವಳಾದೇನು” ಎಂದಳು. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವಿಧವೆಯು ಎದ್ದು ಆ ಚಿಕ್ಕ ಹುಡುಗನಿಗೆ ರೊಟ್ಟಿಯನ್ನು ತಂದುಕೊಟ್ಟಳು. ಮರುದಿನ ಯೌವನಸ್ಥನು ತಾನೇ ಅಕ್ಕನನ್ನು ಸಮಾಧಿಗೆ ಕರಕೊಂಡು ಹೋದನು. ವಾರಸಾ ಹಚ್ಚುವಾಗ ಉತಾರದಲ್ಲಿ ನಾಲ್ವರ ಹೆಸರುಗಳೂ ಬಂದವು. ಲಗ್ನದ ದಿವಸ ಆ ಹುಡುಗನು ಮದುಮಗನನ್ನು ಮಾವಾ ಎಂದು ಕೂಗುತ್ತಾ ಮುಂದೆ ಓಡಿದನು.

ಪ್ರಿಯರೇ, ಎಲ್ಲಾ ಮನೆಗಳಲ್ಲಿಯೂ ಇಂಥ ಸೊಸೆಯು ಸಿಕ್ಕಳು. ಆದಕಾರಣ ತಂದೆಗಳು ಬದುಕಿರುವಾಗಲೇ ಮೂರು ಕೆಲಸಗಳನ್ನು ಮಾಡತಕ್ಕದ್ದು. ಮೊದಲನೆಯದು, ಮೃತ್ಯುಪತ್ರವನ್ನು ಬರೆದು ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ, ಅವರ ರುಜುವನ್ನೂ ಹಾಕಿಸಿರಿ. ಅದರಿಂದ ಪಾಲು ಹೊಂದುವವರನ್ನಾಗಲಿ ಅವರ ಹೆಂಡತಿ ಗಂಡಂದಿರನ್ನಾಗಲಿ ಸಾಕ್ಷಿ ಹಾಕಿಸಬೇಡಿರಿ. ನಮ್ಮ ಊರಿನಲ್ಲಿಯೇ ಸಿಕ್ಕಿದ 1076ನೆಯ ಇಸವಿಯ ಜೈನ ಶಾಸನವು ಬಸದಿಯ ಹೊಲಗಳ ಹಕ್ಕನ್ನು ಕಲ್ಲಿನಲ್ಲಿ ಇಟ್ಟಿದೆ. ನಮಗೆ ಕಾಗದವಾದರೂ ಬೇಡವೇ? ಎರಡನೆಯದು, ಮದುವೆಗೆ ಮುಂಚೆ ಬರೆದ ಮೃತ್ಯುಪತ್ರವು ಬರೆದವನ ಮದುವೆಯಿಂದ ರದ್ದಾಗುತ್ತದೆ; ಆದುದರಿಂದ ಮದುವೆಯಾದ ಮೇಲೆ ತಿರಿಗಿ ಬರೆಯಿರಿ. ಮೂರನೆಯದು, ಮರೆಯಲ್ಲಿಟ್ಟ ನಂಟತನವನ್ನು ಮಕ್ಕಳಿಗೆ ನಿಮ್ಮ ಬಾಯಿಂದಲೇ ಹೇಳಿರಿ. ನೀವು ಹೇಳದೆ ಹೋದರೆ ಆ ಭಾರವನ್ನು ನಿಮ್ಮ ಮಕ್ಕಳು ಹೊರಬೇಕಾಗುವದು. ಮದುವೆಯಾಗುವ ಯೌವನಸ್ಥರು ಸಹ ಇದನ್ನು ತಿಳಿದಿರಲಿ: ನಮ್ಮ ಕಾಯಿದೆಯಲ್ಲಿ ಮದುವೆಯ ಮಾತ್ರದಿಂದ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಹಕ್ಕು ಹುಟ್ಟುವದಿಲ್ಲ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ಬೇತ್ಲೆಹೇಮಿನ ಹತ್ತಿರದ ನಂಟನು ಯಾವದಕ್ಕೆ ಭಯಪಟ್ಟನು? ನಮ್ಮಲ್ಲಿ ಆ ಭಯವು ಯಾವ ರೂಪದಲ್ಲಿ ಉಂಟು?

2. ಹನ್ನೆರಡು ಎಕರೆ ಹೊಲವೂ ವಿಧವೆಯೂ ಇಬ್ಬರು ಹೆಣ್ಣುಮಕ್ಕಳೂ ಇಬ್ಬರು ಗಂಡುಮಕ್ಕಳೂ ಇದ್ದರೆ ಯಾರಿಗೆ ಎಷ್ಟು?

3. ನಮ್ಮ ಮನೆತನದಲ್ಲಿ ಹೆಸರೆತ್ತದೆ ಬಿಟ್ಟಿರುವ ನಂಟರು ಯಾರಾದರೂ ಇದ್ದಾರೋ? ಅವರ ಬಳಿಗೆ ಮೊದಲು ಯಾರು ಹೋಗಬೇಕು?