ಬ್ಲೋವರ್ ಬಂದ್ ಮಾಡಿದ ಬೇಸಿಗೆ

ಶಹಾಪುರ–ಸುರಪುರ ನಡುವಿನ ಒಂದು ವಸತಿ ಶಾಲೆಯಲ್ಲಿ ಮೋಟರು, ನೀರು, ಲೈಟು ನೋಡಿಕೊಳ್ಳುವವನು ನಾನು. ಕೊಳಚೆ ನೀರಿನ ಘಟಕವೂ ನನ್ನ ಕೊರಳಿಗೇ. 400 ಮಕ್ಕಳು, ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಬರುತ್ತದೆ, ಅಂದರೆ ಸುಮಾರು 43 ಸಾವಿರ ಲೀಟರು. ತಿಳಿಯಾಗಿಸಿ ಹೊರಗೆ ಬಿಟ್ಟರೆ ಹಿಂದಿನ ಹಳ್ಳಕ್ಕೆ ಹೋಗುತ್ತದೆ, ಹಳ್ಳ ಕೃಷ್ಣೆಗೆ.

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮಕ್ಕಳು ಊರಿಗೆ ಹೋದರು. ಮೇಲಿನವರೊಬ್ಬರು ಕರೆಂಟ್ ಬಿಲ್ ಹಿಡಿದು ಬಂದು, "ಹುಡುಗರೇ ಇಲ್ಲ, ಆ ಬ್ಲೋವರ್ ಯಾರಿಗೆ ಓಡಸ್ತೀರಿ? ಬಂದ್ ಮಾಡ್ರಿ" ಅಂದರು. ಘಟಕ ಕೂಡಿಸಿಕೊಟ್ಟ ಹುಡುಗ ಹೋಗುವಾಗ, ಗಾಳಿ ನಿಲ್ಲಿಸಬ್ಯಾಡ್ರಿ ಎಂದು ಎರಡು ಸಲ ಹೇಳಿದ್ದ. ನೆನಪಿತ್ತು. ಹದಿನೈದು ವರ್ಷ ಮೋಟರು ಬಿಚ್ಚಿ ಕೂಡಿಸಿದವನಿಗೆ ಇವನೇನು ಹೇಳಿಕೊಡುವುದು ಎಂಬ ಹಟ ನನ್ನದು. ಸ್ವಿಚ್ ಆರಿಸಿದೆ. ಬಿಲ್ ತಂದವರ ತಪ್ಪು ಅರ್ಧ, ಉಳಿದರ್ಧ ನನ್ನದು.

ಘಟಕದ ತೊಟ್ಟಿಯಲ್ಲಿ ಕೆಲಸ ಮಾಡುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಜೀವಿಗಳು. ಬ್ಲೋವರ್ ಅವಕ್ಕೆ ಉಸಿರು, ಕೊಳಚೆ ಅವಕ್ಕೆ ಊಟ. ನಾನು ಎರಡನ್ನೂ ಕಿತ್ತುಕೊಂಡಿದ್ದೆ.

ಜೂನ್‌ನಲ್ಲಿ ಮಕ್ಕಳು ಬಂದರು. ಸ್ವಿಚ್ ಹಾಕಿದೆ. ತೊಟ್ಟಿ ಕುದಿಯುವ ಡಾಂಬರಿನಂತೆ ಕಪ್ಪಗೆ ಎದ್ದಿತು. ಕೊಳೆತ ಮೊಟ್ಟೆಯ ವಾಸನೆಗೆ ಅಡುಗೆಯವರು ಕಿಟಕಿ ಮುಚ್ಚಿದರು. ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಮೂರನೆಯ ದಿನ ತೊಟ್ಟಿ ತುಂಬಿ ಉಕ್ಕುವಂತಾದಾಗ, ಕತ್ತಲಾಗುವುದನ್ನು ಕಾದು ಬೈಪಾಸ್ ವಾಲ್ವ್ ತಿರುಗಿಸಿದೆ. ರಾತ್ರಿಯೆಲ್ಲ ಹಸಿ ಕೊಳಚೆ ನೇರ ಹಳ್ಳಕ್ಕೆ ಹರಿಯುವ ಸಪ್ಪಳ ಕೇಳುತ್ತ ಮಲಗಿದ್ದೆ.

ಮಿರಗದ ಮಳೆ ಒಂದೆರಡು ಬಿದ್ದು ಹಳ್ಳದ ಮಡುವಿನಲ್ಲಿ ನೀರು ನಿಂತಿತ್ತು. ಬೆಳಿಗ್ಗೆ ಹಳ್ಳದ ದಂಡೆಯ ಹಟ್ಟಿಯ ಮುದುಕಿ ಗೇಟಿಗೆ ಬಂದಳು. ಕೈಯಲ್ಲಿ ಅಲ್ಯುಮಿನಿಯಂ ಬೋಗುಣಿ. ಅದರೊಳಗೆ ಬೆರಳುದ್ದದ ಏಳೆಂಟು ಮೀನು, ಬಾಯಿ ತೆರೆದು ಸತ್ತವು. "ತಮ್ಮಾ, ಈ ನೀರು ನಮ್ಮ ಎಮ್ಮಿ ಕುಡಿತಾವ. ನಿಮ್ಮ ಮನ್ಯಾಗಿನ ಎಮ್ಮಿಗಿ ಕುಡಸ್ತೀಯೇನು?" ಬೈದಿದ್ದರೆ ಎದುರಾಡುತ್ತಿದ್ದೆನೇನೋ. ಅವಳು ಬೋಗುಣಿಯನ್ನು ನನ್ನ ಕಾಲ ಹತ್ತಿರ ಇಟ್ಟು ಹೋದಳು. ಮೀನು ಸತ್ತದ್ದು ವಿಷದಿಂದಷ್ಟೇ ಅಲ್ಲ. ಹೊಲಸು ಬಿದ್ದ ನೀರಿನಲ್ಲಿ ಅದನ್ನು ತಿನ್ನುವ ಜೀವಿಗಳು ಒಮ್ಮೆಲೇ ಹೆಚ್ಚಿ, ನೀರಿನೊಳಗಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಹಸಿ ಕೊಳಚೆಯ ಬಿಒಡಿ, ಅಂದರೆ ಆ ಜೀವಿಗಳು ಹೀರುವ ಆಮ್ಲಜನಕದ ಅಳತೆ, ಲೀಟರಿಗೆ 200 ಮಿಲಿಗ್ರಾಂ ದಾಟುವುದು ಸಾಮಾನ್ಯ. ಮಹಾನಗರಗಳ ಹೊರಗಿನ ಘಟಕಗಳಿಗೆ ಕೇಂದ್ರದ 2017ರ ಅಧಿಸೂಚನೆ ಹಾಕಿದ ಮಿತಿ 30. ಆ ಅಂತರವನ್ನೆಲ್ಲ ಒಂದೇ ರಾತ್ರಿ ಹಳ್ಳದ ತಲೆಗೆ ಕಟ್ಟಿದ್ದೆ.

ಆ ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವನು ಹೇಳಿದಂತೆ ಕಲಬುರಗಿಯ ನಡೆಯುತ್ತಿರುವ ಘಟಕವೊಂದರಿಂದ ಟ್ಯಾಂಕರಿನಲ್ಲಿ ಜೀವಂತ ಸ್ಲಡ್ಜ್, ಅಂದರೆ ಆ ಜೀವಿಗಳಿರುವ ಕೆಸರು, ತಂದು ಸುರಿದೆವು. ದಿನಾ ಹೆಂಡಿ ಕಲಸಿದ ನೀರು, ಬೆಲ್ಲ. ತೊಟ್ಟಿ ಕಂದು ಬಣ್ಣಕ್ಕೆ ತಿರುಗಲು ಮೂರು ವಾರ ಹಿಡಿಯಿತು.

ಇಂಥ ಸಣ್ಣ ಘಟಕ ನೋಡಿಕೊಳ್ಳುವವರು ರಜೆಯಲ್ಲೂ ದಿನಕ್ಕೆ ಕೆಲವು ತಾಸು ಗಾಳಿ ಕೊಡಿ, ಒಂದಿಷ್ಟು ಹೆಂಡಿ-ಬೆಲ್ಲ ಹಾಕಿ. ವಾರಕ್ಕೊಮ್ಮೆ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ಒಂದು ಲೀಟರು ಹಿಡಿದು ಅರ್ಧ ತಾಸು ಇಡಿ. ಕಂದು ಗಸಿ ಕೆಳಗೆ ಕೂತು ಮೇಲೆ ತಿಳಿ ನೀರು ನಿಂತು, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಜೀವ ಇದೆ ಎಂದು ಅರ್ಥ. ಕರೆಂಟ್ ನೆಚ್ಚಲಾಗದ ಊರಿನವರು ದೇವನಹಳ್ಳಿಗೆ ಹೋಗಿ ಬನ್ನಿ. ಅಲ್ಲಿ 2015ರಿಂದ ಶೌಚಗುಂಡಿಯ ಕೆಸರನ್ನು ಸಂಸ್ಕರಿಸುತ್ತಿದ್ದಾರೆ, ನೀರು ಜಲ್ಲಿ ಮತ್ತು ಗಿಡಗಳ ನಡುವೆ ತಾನೇ ಸೋಸಿಕೊಳ್ಳುತ್ತದೆ.

ಬೈಪಾಸ್ ವಾಲ್ವಿನ ಚಕ್ರವನ್ನು ಮುದುಕಿ ಬಂದ ದಿನವೇ ಬಿಚ್ಚಿದೆ. ಈಗ ಅದು ಪ್ರಾಂಶುಪಾಲರ ಕಪಾಟಿನಲ್ಲಿದೆ. ಬೇಕಾದರೆ ಹಗಲು ಹೊತ್ತು, ಕಾರಣ ಬರೆದುಕೊಟ್ಟು ಕೇಳಬೇಕು.